ಹಾಡು ಮುಗಿದ ಮೇಲಿನ ಮೂರು ತಾಸು

ಮೊದಲ ವರ್ಷದ ಮಾತು. ಪಶ್ಚಿಮ ಟೆಕ್ಸಸ್‌ನ ಒಂದು ಸಣ್ಣ ಊರಿನ ರೋಡಿಯೊ ಅಂಗಳದಲ್ಲಿ, ಅಂದರೆ ಗೂಳಿ, ಕುದುರೆ ಸವಾರಿಯ ಪಂದ್ಯ ನಡೆಯುವಲ್ಲಿ, ಭಾನುವಾರ ಬೆಳಿಗ್ಗೆಯ ಆರಾಧನೆಗೆ ನಾನೂ ನಮ್ಮ ಮನೆಯವರೂ ಹಾಡಿದೆವು. ಎಂಟು ಹಾಡು, ದೇವರು ನಡೆಸಿದ ಬಗೆಗೆ ಒಂದು ಸಾಕ್ಷಿ, ಒಂದು ಪ್ರಾರ್ಥನೆ. ಸಂಜೆ ನೂರಾ ಅರವತ್ತು ಮೈಲಿ ಆಚೆ ಇನ್ನೊಂದು ಊರಲ್ಲಿ ಹಾಡುವುದಿತ್ತು. ಆಮೆನ್ ಅಂದದ್ದೇ ತಡ, ಸ್ಪೀಕರ್ ಇಳಿಸಿ, ವೈರ್ ಸುತ್ತಿ ಹೊರಟುಬಿಟ್ಟೆವು. ಮಂಗಳವಾರ ಅಲ್ಲಿಯ ಪಾಸ್ಟರ್ ಫೋನ್ ಮಾಡಿದರು. ಗೂಳಿ ಸವಾರಿ ಮಾಡುವ ಹುಡುಗನೊಬ್ಬ ನಮ್ಮನ್ನು ಹುಡುಕಿಕೊಂಡು ಬಂದಿದ್ದನಂತೆ. ನಮ್ಮ ಗಾಡಿ ನಿಂತಿದ್ದ ಜಾಗದಲ್ಲಿ ಟೋಪಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಹೋದನಂತೆ. ಯಾವ ಊರಿನವನೋ, ಹೆಸರೇನೋ, ಯಾರಿಗೂ ಗೊತ್ತಿರಲಿಲ್ಲ. ಅವನು ಏನು ಹೇಳಬೇಕೆಂದು ಬಂದಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ಫೋನ್ ಬಂದ ಮೇಲೆ ನಾವು ಭಾನುವಾರಕ್ಕೆ ಒಂದೇ ಊರು ಒಪ್ಪಿಕೊಳ್ಳುತ್ತೇವೆ. ಹಾಡು ಐವತ್ತು ನಿಮಿಷ, ಆಮೇಲೆ ಮೂರು ತಾಸು ಅಲ್ಲೇ ಇರುವುದು. ಹನ್ನೊಂದು ವರ್ಷದಿಂದ ನಮ್ಮ ಸೇವೆ ನಡೆದಿರುವುದು ಹೀಗೆ.

ನಾನು ಬೆಟಗೇರಿಯವಳು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಧಾರವಾಡ, ಹುಬ್ಬಳ್ಳಿ ದಾಟಿ 1841ರಲ್ಲಿ ಬೆಟಗೇರಿ ಮುಟ್ಟಿದರು. ಅವರು ಕಟ್ಟಿದ ಸಭೆಯಲ್ಲಿ ನಮ್ಮಪ್ಪ ಹಾರ್ಮೋನಿಯಂ ನುಡಿಸುತ್ತಿದ್ದರು. ಹತ್ತು ವರ್ಷ ತುಂಬುವ ಹೊತ್ತಿಗೆ ಆ ಪೆಟ್ಟಿಗೆ ನನ್ನ ಮುಂದೆ ಬಂತು. ನರ್ಸಿಂಗ್ ಓದಿ ಟೆಕ್ಸಸ್‌ನ ಲಬಕ್‌ಗೆ ಕೆಲಸಕ್ಕೆ ಬಂದೆ; ಇಲ್ಲೇ ದನದ ರಾಂಚಿನಲ್ಲಿ ಬೆಳೆದ, ಗಿಟಾರ್ ಹಿಡಿದರೆ ಊಟ ಮರೆಯುವವರೊಬ್ಬರನ್ನು ಮದುವೆಯಾದೆ. ಮಕ್ಕಳು ಅವರವರ ದಾರಿ ಹಿಡಿದರು, ನನ್ನ ನೌಕರಿ ಮುಗಿಯಿತು. ಆ ವರ್ಷ ಒಂದು ಹಳೆಯ ಮನೆ-ಟ್ರೇಲರ್ ಕೊಂಡು ಪಿಕಪ್ ಗಾಡಿಗೆ ಕಟ್ಟಿದೆವು.

ಗದಗಿನಿಂದ ಕಾಕಾ ಫೋನಿನಲ್ಲಿ ಕೇಳಿದರು, "ಅಲ್ಲ ತಂಗಿ, ದನದ ಸಂತ್ಯಾಗ ನಿಂತು ಹಾಡ್ತೀರಂತಲ್ಲ, ಖರೇನ?"

"ಖರೇನ ಕಾಕಾ. ಯೇಸುಸ್ವಾಮಿನ್ನ ಮಲಗಿಸಿದ್ದೂ ಗ್ವಾದಲ್ಯಾಗ ಅಲ್ಲೇನ್ರಿ?"

ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, "ಹಂಗಾರ ಹಾಡ್ರಿ" ಅಂದರು. ಈಗ ಪ್ರತಿ ಕ್ರಿಸ್‌ಮಸ್‌ಗೆ ಅವರು ಮೊದಲು ಕೇಳುವುದೇ "ಈ ಸಲ ಯಾವ ಸಂತಿ?" ಅಂತ.

ದನದ ಅಂಗಳದಲ್ಲಿ ಆರಾಧನೆ ಯಾಕೆ ಅಂತ ಊರಿನವರು ಕೇಳುತ್ತಾರೆ. ರೋಡಿಯೊದವರಿಗೆ ಭಾನುವಾರ ಕೆಲಸದ ದಿನ. ಅವರಿಗೆ ಸಂಬಳವಿಲ್ಲ. ಪ್ರವೇಶ ಶುಲ್ಕ ತಾವೇ ಕಟ್ಟಬೇಕು, ಗೆದ್ದರೆ ದುಡ್ಡು, ಇಲ್ಲದಿದ್ದರೆ ಡೀಸೆಲ್ ಖರ್ಚೂ ಮೈಮೇಲೆ. ಗೂಳಿಯ ಬೆನ್ನ ಮೇಲೆ ಎಂಟು ಸೆಕೆಂಡು ಕೂತರೆ ಲೆಕ್ಕಕ್ಕೆ ಬಂತು, ಏಳಕ್ಕೇ ಬಿದ್ದರೆ ಸೊನ್ನೆ. ಜೂನ್ ಕೊನೆಯಿಂದ ಜುಲೈ 4ರವರೆಗಿನ ದಿನಗಳನ್ನು ಅವರು ಕೌಬಾಯ್ ಕ್ರಿಸ್‌ಮಸ್ ಅನ್ನುತ್ತಾರೆ. ಆಗ ಎಷ್ಟೊಂದು ಊರುಗಳಲ್ಲಿ ರೋಡಿಯೊ ಅಂದರೆ, ರಾತ್ರಿಯಿಡೀ ಗಾಡಿ ಓಡಿಸಿ ಬೆಳಿಗ್ಗೆ ಇನ್ನೊಂದು ಊರಲ್ಲಿ ಕುದುರೆ ಇಳಿಸುತ್ತಾರೆ. ಇಂಥವರು ಚರ್ಚಿಗೆ ಬರುವುದು ಯಾವಾಗ? ಅದಕ್ಕೇ ಆರಾಧನೆ ಅವರಿದ್ದಲ್ಲಿಗೆ ಬರುತ್ತದೆ. ಟೆಕ್ಸಸ್‌ನಲ್ಲಿ ಈಗ ಕೌಬಾಯ್ ಚರ್ಚುಗಳು ಊರೂರಿಗೂ ಎದ್ದಿವೆ. ವ್ಯಾಕ್ಸಹ್ಯಾಚಿ ಊರಿನ ಬಳಿ 2000ದಲ್ಲಿ ಶುರುವಾದದ್ದು ಅವುಗಳಲ್ಲಿ ಹೆಸರಾದದ್ದು. ತಗಡಿನ ದೊಡ್ಡ ಕೊಟ್ಟಿಗೆಯಂಥ ಕಟ್ಟಡ, ಪಕ್ಕದಲ್ಲಿ ಮಣ್ಣಿನ ಅಂಗಳ. ಕಾಣಿಕೆಯ ತಟ್ಟೆ ಹಿಡಿದು ಸಾಲುಸಾಲಿಗೆ ಬರುವವರಿಲ್ಲ, ಬಾಗಿಲ ಬಳಿ ಒಂದು ಹಳೆಯ ಬೂಟು ಇಟ್ಟಿರುತ್ತಾರೆ, ಅದರಲ್ಲಿ ಹಾಕಿ ಹೋಗುವುದು. ದೀಕ್ಷಾಸ್ನಾನ ದನ ನೀರು ಕುಡಿಯುವ ತೊಟ್ಟಿಯಲ್ಲಿ. ಹಸುಗೂಸಿನ ಹಣೆಗೆ ಮೂರು ಹನಿ ನೀರು ಹಾಕುವುದನ್ನು ನೋಡಿ ಬೆಳೆದವಳು ನಾನು. ಆರಡಿಯ ಗಂಡಸು ಜೀನ್ಸ್ ಪ್ಯಾಂಟಿನಲ್ಲೇ ತೊಟ್ಟಿಯಲ್ಲಿ ಮುಳುಗಿ, ಕಣ್ಣು ಒರೆಸಿಕೊಳ್ಳುತ್ತ ಏಳುವುದನ್ನು ಮೊದಲ ಸಲ ಕಂಡಾಗ ಗಂಟಲು ಕಟ್ಟಿ ನನಗೆ ಹಾಡು ಎತ್ತಲಾಗಲಿಲ್ಲ. ನಮ್ಮ ಮನೆಯವರೊಬ್ಬರೇ ಹಾಡಿದರು.

ನಮ್ಮ ಹಾಡಿನ ನಡೆ ಸಾವಕಾಶ. ಅದನ್ನು ಕಲಿಸಿದವರು ನಮ್ಮ ಮನೆಯವರು, ಅವರಿಗೆ ಅವರ ಅಜ್ಜ. 1867ರಿಂದ ಟೆಕ್ಸಸ್‌ನ ದನಗಳನ್ನು ಕಾನ್ಸಸ್‌ನ ಆಬಿಲೀನ್ ರೈಲು ನಿಲ್ದಾಣಕ್ಕೆ ಹೊಡೆದುಕೊಂಡು ಹೋಗುವ ಕಾಲದಲ್ಲಿ, ರಾತ್ರಿ ಕಾವಲಿನ ಇಬ್ಬರು ಮಲಗಿದ ಹಿಂಡನ್ನು ಎದುರುಬದುರು ದಿಕ್ಕಿನಲ್ಲಿ ಸುತ್ತುತ್ತ ಮೆಲ್ಲಗೆ ಹಾಡುತ್ತಿದ್ದರು. ಕತ್ತಲಲ್ಲಿ ಒಂದು ಕೊಂಬೆ ಮುರಿದ ಸದ್ದಾದರೂ ದನ ಬೆದರಿ ಓಡುತ್ತವೆ. ಗೊತ್ತಿರುವ ದನಿ ಕಿವಿಗೆ ಬೀಳುತ್ತಿದ್ದರೆ ಸುಮ್ಮನೆ ಮಲಗಿರುತ್ತವೆ. ಹಾಡಿದ್ದರಲ್ಲಿ ತಾಯಂದಿರಿಂದ ಕಲಿತ ಚರ್ಚಿನ ಕೀರ್ತನೆಗಳೂ ಇದ್ದವು. ಹಾಗಾಗಿ ತಾಳ ಅಂದರೆ ಕುದುರೆಯ ನಡಿಗೆ. ಈಗಲೂ ಹೊಸ ಹಾಡು ಕೂಡಿಸುವಾಗ ಅವರು ಕುರ್ಚಿಯ ಕೈ ಮೇಲೆ ಬೆರಳಲ್ಲಿ ಆ ನಾಲ್ಕು ಗೊರಸಿನ ಸದ್ದು ಬಾರಿಸಿ ತೋರಿಸುತ್ತಾರೆ. ಅದಕ್ಕಿಂತ ಬೇಗ ಹೋದರೆ ನನ್ನನ್ನು ನಿಲ್ಲಿಸುತ್ತಾರೆ.

ನನ್ನ ವಾದ್ಯ ಅಕಾರ್ಡಿಯನ್, ಎದೆಗೆ ತೂಗುಹಾಕಿಕೊಂಡು ನುಡಿಸುವ ತಿದಿಯ ಪೆಟ್ಟಿಗೆ. ಹಾರ್ಮೋನಿಯಂ ಗೊತ್ತಿದ್ದವರಿಗೆ ಇದು ಸಲೀಸು ಅಂದುಕೊಂಡಿದ್ದೆ. ಬಲಗೈಗೆ ಸಲೀಸೇ. ಎಡಗೈಗೆ ಹೊಸ ಜನ್ಮ. ಹಾರ್ಮೋನಿಯಂನಲ್ಲಿ ಎಡಗೈ ತಿದಿ ಒತ್ತಿಕೊಂಡಿದ್ದರೆ ಸಾಕು. ಇಲ್ಲಿ ತಿದಿಯನ್ನು ಎಳೆದು ತಳ್ಳುತ್ತಲೇ, ಕಣ್ಣಿಗೆ ಕಾಣದ 120 ಗುಂಡಿಗಳಲ್ಲಿ ಬೇಕಾದ್ದನ್ನು ಬೆರಳು ಹುಡುಕಿ ಒತ್ತಬೇಕು. 'ಸಿ' ಸ್ವರದ ಗುಂಡಿಗೆ ಒಂದು ಸಣ್ಣ ಗುಳಿ ಇರುತ್ತದೆ. ನಡುಬೆರಳು ಮೊದಲು ಆ ಗುಳಿಗೆ ಮುಟ್ಟುತ್ತದೆ, ಅಲ್ಲಿಂದ ಮೇಲೆಷ್ಟು, ಕೆಳಗೆಷ್ಟು ಅಂತ ಲೆಕ್ಕ. ಆರು ತಿಂಗಳು ದಿನಾ ಬೆಳಿಗ್ಗೆ ಒಂದು ತಾಸು ಕಣ್ಣು ಮುಚ್ಚಿಕೊಂಡು ಬರೀ ಎಡಗೈ ಸಾಧನೆ ಮಾಡಿದೆ.

ಎರಡನೇ ಬೇಸಿಗೆಯಲ್ಲಿ ದೊಡ್ಡ ತಪ್ಪೊಂದು ಮಾಡಿದೆ. ಜುಲೈ ತಿಂಗಳ ಮಧ್ಯಾಹ್ನ ಊಟಕ್ಕೆಂದು ನಿಲ್ಲಿಸಿದಾಗ ಅಕಾರ್ಡಿಯನ್ ಮುಚ್ಚಿದ ಪಿಕಪ್ಪಿನ ಹಿಂದಿನ ಸೀಟಿನಲ್ಲೇ ಉಳಿಯಿತು. ಎರಡು ತಾಸು. ಸಂಜೆ ತೆಗೆದು ಹಿಡಿದರೆ ಒಳಗೆ ಏನೋ ಗಲಗಲ ಅಂತು. ನಮ್ಮ ಹಾರ್ಮೋನಿಯಂನಲ್ಲಿ ರೀಡುಗಳನ್ನು, ಅಂದರೆ ಗಾಳಿಗೆ ಅದುರಿ ಸ್ವರ ಕೊಡುವ ಲೋಹದ ಪಟ್ಟಿಗಳನ್ನು, ಸ್ಕ್ರೂ ಹಾಕಿ ಬಿಗಿದಿರುತ್ತಾರೆ. ನನ್ನ ಅಕಾರ್ಡಿಯನ್‌ನಲ್ಲಿ ಜೇನುಮೇಣಕ್ಕೆ ರಾಳ ಬೆರೆಸಿ ಅಂಟಿಸಿದ್ದರು. ಮೇಣ ಕರಗಿ ರೀಡುಗಳು ಜಾರಿ ಬಿದ್ದಿದ್ದವು. ಆ ರಾತ್ರಿ ಬರೀ ಗಿಟಾರಿನ ಮೇಲೆ ಹಾಡಿದೆವು. ರಿಪೇರಿ ಮಾಡಿದ ಹಿರಿಯರು ಹಳೆಯ ಮೇಣ ಪೂರ್ತಿ ಕೆರೆದು, ಹೊಸದನ್ನು ಕರಗಿಸಿ ಸಣ್ಣ ಚಮಚದ ತುದಿಯಿಂದ ಒಂದೊಂದು ರೀಡಿನ ಸುತ್ತ ಎರೆದು ಕೂರಿಸಿದರು. ಇಡೀ ಕೋಣೆಗೆ ಜೇನಿನ ವಾಸನೆ. ಮೂರು ವಾರ ಹಿಡಿಯಿತು. ಈಗ ಅದು ಏಸಿ ಇರುವ ಟ್ರೇಲರಿನೊಳಗೆ ನಮ್ಮ ಹಾಸಿಗೆಯ ಮೇಲೆ ಪ್ರಯಾಣ ಮಾಡುತ್ತದೆ. ಎಲ್ಲೇ ನಿಂತರೂ ಮೊದಲು ಕೆಳಗಿಳಿಯುವುದು ಅದು.

ಗಿಟಾರಿಗೆ ಬಿಸಿಲಿಗಿಂತ ಒಣಗಾಳಿಯ ಭಯ ಹೆಚ್ಚು. ಲಬಕ್‌ನ ಚಳಿಗಾಲದಲ್ಲಾಗಲಿ ಕೊಲರಾಡೊದ ಎತ್ತರದಲ್ಲಾಗಲಿ ಮರ ಒಣಗಿ ಬಿರುಕು ಬಿಡುತ್ತದೆ. ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಒದ್ದೆ ಸ್ಪಂಜು ಹಾಕಿ ಗಿಟಾರ್ ಪೆಟ್ಟಿಗೆಯೊಳಗೆ ಇಡುತ್ತೇವೆ. ಎಂಟಾಣೆ ಖರ್ಚಿಲ್ಲದ ಉಪಾಯ, ಒಂದು ಸಲವೂ ಕೈಕೊಟ್ಟಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಇಲ್ಲಿಯ ಗಾಳಿಗೆ ಹಾಡಿನ ಹಾಳೆ ನಿಲ್ಲುವುದಿಲ್ಲ, ಆದ್ದರಿಂದ ಎಲ್ಲ ಬಾಯಿಪಾಠ.

ರೋಡಿಯೊ ಅಂಗಳದ ಸೌಂಡ್ ಬಗ್ಗೆ ಹೇಳಲೇಬೇಕು, ಹೊಸಬರು ಎಡವುವುದು ಇಲ್ಲೇ. ಅಲ್ಲಿ ಸ್ಪೀಕರುಗಳು ದೂರದ ಕಂಬಗಳ ಮೇಲಿರುತ್ತವೆ. ನೂರು ಮೀಟರ್ ಆಚೆಯಿಂದ ನಮ್ಮದೇ ದನಿ ನಮ್ಮ ಕಿವಿಗೆ ಬರಲು ಸುಮಾರು 0.3 ಸೆಕೆಂಡು ಬೇಕು. ಆ ಹಿಂದೆ ಬಿದ್ದ ದನಿಯನ್ನು ಕಾಯುತ್ತ ಹಾಡಿದರೆ ಎರಡನೇ ಚರಣದ ಹೊತ್ತಿಗೆ ತಾಳ ಕೆಟ್ಟಿರುತ್ತದೆ. ಕಂಬದ ಸದ್ದನ್ನು ಕೇಳಿಸಿಕೊಳ್ಳಲೇಬಾರದು. ನಾನು ನಮ್ಮ ಮನೆಯವರ ಬೂಟಿನ ಹಿಮ್ಮಡಿ ನೋಡುತ್ತೇನೆ, ಅವರು ನನ್ನ ತಿದಿ ನೋಡುತ್ತಾರೆ.

ದುಡ್ಡಿನ ವಿಷಯ. ನಾವು ಇಷ್ಟು ಕೊಡಿ ಅಂತ ಕೇಳುವುದಿಲ್ಲ. ಬೂಟಿನಲ್ಲಿ ಬಿದ್ದದ್ದು ಕಾಣಿಕೆ. ಒಂದು ಊರಲ್ಲಿ 47 ಡಾಲರ್, ಮುಂದಿನ ಊರಲ್ಲಿ 380. ಟ್ರೇಲರ್ ಎಳೆಯುವಾಗ ಪಿಕಪ್ ಒಂದು ಗ್ಯಾಲನ್ ಡೀಸೆಲ್‌ಗೆ ಹತ್ತು ಮೈಲಿ ಓಡಿದರೆ ದೊಡ್ಡದು. ಎರಡು ವರ್ಷ ಕಾಣಿಕೆಯಿಂದ ಡೀಸೆಲ್ ಖರ್ಚೂ ಹೊರಡಲಿಲ್ಲ. ನನ್ನ ಪಿಂಚಣಿಯಿಂದ ನಡೆಯಿತು, ಈಗಲೂ ಅರ್ಧ ಅದರಿಂದಲೇ. ಸೇವೆಯ ದುಡ್ಡಿಗೆ ಬೇರೆ ಖಾತೆ, ಬೇರೆ ಲೆಕ್ಕದ ಪುಸ್ತಕ; ಮೊದಲ ದಿನದಿಂದ ಒಂದು ಕಾಫಿಯ ಚೀಟಿಯನ್ನೂ ಬಿಟ್ಟಿಲ್ಲ. ಮನೆಯ ಸಾಲ ತೀರದೆ ಯಾರೂ ಈ ಕೆಲಸಕ್ಕೆ ಇಳಿಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೊಟ್ಟೆಯ ಚಿಂತೆ ಇದ್ದರೆ ಕಣ್ಣು ಬೂಟಿನ ಕಡೆ ಹೋಗುತ್ತದೆ, ಮನುಷ್ಯರ ಕಡೆ ಹೋಗುವುದಿಲ್ಲ.

ಅಂಗಳದ ತುಂಬ ಬಿಯರ್ ಕಂಪನಿಗಳ ಬ್ಯಾನರ್ ಇರುತ್ತವೆ, ಅದರ ಕೆಳಗೆ ನಿಂತು ಹೇಗೆ ಹಾಡುತ್ತೀರಿ ಅಂತ ನಮ್ಮ ಊರಿನ ಸಭೆಯವರೇ ಕೇಳಿದ್ದಾರೆ. ರೇಡಿಯೊದ ಹಾಡುವ ಕೌಬಾಯ್ ಆಗಿದ್ದ ಸ್ಟುವರ್ಟ್ ಹ್ಯಾಂಬ್ಲೆನ್ 1949ರಲ್ಲಿ ಲಾಸ್ ಏಂಜಲೀಸ್‌ನ ಸುವಾರ್ತೆ ಸಾರುತ್ತಿದ್ದ ಬಿಲ್ಲಿ ಗ್ರಹಾಂ ಅವರ ಕೂಟಗಳಲ್ಲಿ ಮನಸ್ಸು ತಿರುಗಿ, ಬಿಯರ್ ಜಾಹೀರಾತು ಮಾಡಲಾರೆ ಅಂದು ರೇಡಿಯೊ ಕೆಲಸವನ್ನೇ ಕಳೆದುಕೊಂಡರು. ಅವರ ಮೇಲೆ ನನಗೆ ತುಂಬ ಗೌರವ. ಅವರು ತಮ್ಮ ಬಾಯಿಂದ ಅದನ್ನು ಹೊಗಳಲು ಒಪ್ಪಲಿಲ್ಲ, ನಾವೂ ಹೊಗಳುವುದಿಲ್ಲ. ಆದರೆ ಬ್ಯಾನರ್ ಇದೆ ಅಂತ ಅದರ ಕೆಳಗೆ ಕೂತ ಹುಡುಗರನ್ನು ಬಿಟ್ಟು ಬರಲು ನನಗೆ ಮನಸ್ಸಾಗುವುದಿಲ್ಲ.

ವರ್ಷದ ಸುತ್ತು ಹೀಗೆ. ಬೇಸಿಗೆಗೆ ಉತ್ತರಕ್ಕೆ, ಕೊಲರಾಡೊ, ವಯೋಮಿಂಗ್. 7,834 ಅಡಿ ಎತ್ತರದ ರಟೋನ್ ಘಾಟಿನಲ್ಲಿ ಇಳಿಯುವಾಗ ಸಣ್ಣ ಗೇರು, ಬ್ರೇಕಿನ ಮೇಲೆ ಕಾಲಿಟ್ಟೇ ಇರಬಾರದು. ಆ ಬೇಸಿಗೆಯಲ್ಲೇ ಟೆಕ್ಸಸ್‌ನ ಫೋರ್ಟ್ ಡೇವಿಸ್ ಬಳಿಯ ಬ್ಲಾಯ್ಸ್ ಕೂಟಕ್ಕೆ ಹೋಗುತ್ತೇವೆ, ಹಾಡಲಿಕ್ಕಲ್ಲ, ಕೇಳಲಿಕ್ಕೆ. 1890ರಲ್ಲಿ ಪಾಸ್ಟರ್ ವಿಲಿಯಂ ಬ್ಲಾಯ್ಸ್ ಓಕ್ ಮರಗಳ ತೋಪಿನಲ್ಲಿ, ಕಾಫಿ ಬೀಜ ತುಂಬಿ ಬರುತ್ತಿದ್ದ ಮರದ ಪೆಟ್ಟಿಗೆಯನ್ನೇ ಪೀಠ ಮಾಡಿಕೊಂಡು ರಾಂಚಿನವರಿಗೆ ಬೋಧಿಸಿದ ಜಾಗ ಅದು. ಇವತ್ತಿಗೂ ಅಲ್ಲಿ ಬಂದವರಿಗೆಲ್ಲ ಊಟ ಹಾಕುತ್ತಾರೆ. ವರ್ಷವಿಡೀ ಕೊಟ್ಟವರಿಗೆ ಒಂದು ವಾರ ತೆಗೆದುಕೊಳ್ಳುವುದೂ ಬೇಕು.

ಜನವರಿಯಲ್ಲಿ ದಕ್ಷಿಣದ ರಿಯೊ ಗ್ರಾಂಡೆ ಕಣಿವೆಗೆ ಇಳಿಯುತ್ತೇವೆ. ಮಿನ್ನೆಸೋಟ, ಅಯೋವ, ನೆಬ್ರಾಸ್ಕ ಕಡೆಯ ಮುದುಕರು ಹಿಮ ತಾಳಲಾರದೆ ಟ್ರೇಲರ್ ಎಳೆದುಕೊಂಡು ಬಂದು ಅಲ್ಲಿ ಚಳಿಗಾಲ ಕಳೆಯುತ್ತಾರೆ. ಅಲ್ಲೊಮ್ಮೆ ಯಾರೋ ನಿಮ್ಮ ಭಾಷೆಯಲ್ಲಿ ಒಂದು ಹಾಡಿ ಅಂದರು. ಬೆಟಗೇರಿಯಲ್ಲಿ ಅಪ್ಪ ನುಡಿಸುತ್ತಿದ್ದ ಕೀರ್ತನೆಯೊಂದನ್ನು ಕನ್ನಡದಲ್ಲೇ ಎತ್ತಿದೆ. ಎರಡನೇ ಸಾಲಿಗೆ ಹಿಂದಿನ ಸಾಲಿನಿಂದ ಇನ್ನೊಂದು ದನಿ ಕೂಡಿತು. ನೆಬ್ರಾಸ್ಕದ ಒಬ್ಬ ಅಜ್ಜಿ, ತೊಂಬತ್ತರ ಹತ್ತಿರ, ಅದೇ ಧಾಟಿಯಲ್ಲಿ ಜರ್ಮನ್ ಮಾತುಗಳನ್ನು ಹಾಡುತ್ತಿದ್ದರು. ನಮ್ಮ ಹಳೆಯ ಕೀರ್ತನೆಗಳಲ್ಲಿ ಎಷ್ಟೋ ಧಾಟಿಗಳು ಮಿಶನ್ನಿನವರ ಜೊತೆ ಜರ್ಮನ್ ನಾಡಿನಿಂದ ಬಂದವು ಅನ್ನುವುದು ನನಗೆ ಗೊತ್ತಿತ್ತು. ಕಿವಿಯಿಂದ ಗೊತ್ತಾದದ್ದು ಅವತ್ತೇ. ಅವರ ಅಜ್ಜಿ ಹಾಲು ಕರೆಯುವಾಗ ಹಾಡುತ್ತಿದ್ದ ಹಾಡಂತೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಅಪ್ಪ ಬದುಕಿದ್ದರೆ ಆ ರಾತ್ರಿಯೇ ಫೋನ್ ಮಾಡುತ್ತಿದ್ದೆ.

ಹಾಡಾದ ಮೇಲಿನ ಮೂರು ತಾಸಿನಲ್ಲಿ ಏನು ಮಾಡುತ್ತೀರಿ ಅಂದರೆ, ಹೇಳುವಂಥದ್ದು ಕಡಿಮೆ. ಟ್ರೇಲರಿನ ನೆರಳಿಗೆ ನಾಲ್ಕು ಕುರ್ಚಿ ಹಾಕುತ್ತೇವೆ. ನಮ್ಮ ಮನೆಯವರು ಕಾಫಿ ಕಾಸುತ್ತಾರೆ. ನಾನು ಅಕಾರ್ಡಿಯನ್ ತೊಡೆಯ ಮೇಲೆ ಇಟ್ಟುಕೊಂಡೇ ಇರುತ್ತೇನೆ. ಅದು ಕಂಡರೆ ಜನಕ್ಕೆ ಹತ್ತಿರ ಬರಲು ಒಂದು ನೆಪ ಸಿಗುತ್ತದೆ. ನಾವಾಗಿ ಏನೂ ಕೇಳುವುದಿಲ್ಲ. ಪಕ್ಕೆಲುಬು ಹಿಡಿದುಕೊಂಡು ಉಸಿರೆಳೆಯುವ ಹುಡುಗ ಕಂಡರೆ ಮಾತ್ರ ನರ್ಸ್ ಬುದ್ಧಿ ಸುಮ್ಮನಿರುವುದಿಲ್ಲ, ಎಕ್ಸ್‌ರೇ ಆಯ್ತೇನಪ್ಪಾ ಅಂತ ಕೇಳಿಯೇಬಿಡುತ್ತೇನೆ.

ಕಳೆದ ಜುಲೈ ವಯೋಮಿಂಗ್‌ನಲ್ಲಿ, ಎಲ್ಲ ಕುದುರೆ ಗಾಡಿಗಳು ಹೊರಟ ಮೇಲೂ ಒಂದು ಉಳಿದಿತ್ತು. ಪೀಪಾಯಿಗಳ ಸುತ್ತ ಕುದುರೆ ಓಡಿಸುವ ಪಂದ್ಯದ ಹೆಣ್ಣುಮಗಳು, ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಹಿಂದಿನ ರಾತ್ರಿ ಅವಳ ಕುದುರೆಯ ಕಾಲು ಮುರಿದು, ಡಾಕ್ಟರು ಅದಕ್ಕೆ ನೋವಿಲ್ಲದೆ ಸಾಯಲು ಸೂಜಿ ಹಾಕಬೇಕಾಯಿತು ಅಂತ ಯಾರೋ ಹೇಳಿದ್ದರು. ಅವಳು ಬಂದು ಕೂತಳು. ಕೈಯಲ್ಲಿ ಕುದುರೆಯ ಮುಖಹಗ್ಗ ಇತ್ತು, ಅದನ್ನು ನನ್ನ ಕುರ್ಚಿಯ ಕೈಗೆ ತೂಗುಹಾಕಿದಳು. ಕಾಫಿ ತಣ್ಣಗಾಯಿತು, ಕುಡಿಯಲಿಲ್ಲ. ಬಹಳ ಹೊತ್ತಿನ ಮೇಲೆ, ಮಾತಿಲ್ಲದ್ದು ಏನಾದರೂ ನುಡಿಸುತ್ತೀರಾ ಅಂದಳು. ಕುದುರೆಯ ನಡಿಗೆಯ ತಾಳ ಬೇಡ ಅನ್ನಿಸಿತು. ಬೆಟಗೇರಿಯ ಆ ಕೀರ್ತನೆಯನ್ನೇ ತಾಳ ಬಿಟ್ಟು, ತಿದಿಯ ಉಸಿರಿನಷ್ಟೇ ಉದ್ದಕ್ಕೆ ಎಳೆದು ನುಡಿಸಿದೆ. ಮೂರು ಸಲ ನುಡಿಸಿದೆನೋ ನಾಲ್ಕು ಸಲವೋ. ಅವಳು ಎದ್ದು, ಹಗ್ಗ ತೆಗೆದುಕೊಂಡು, ತನ್ನ ಖಾಲಿ ಗಾಡಿಯೊಳಗೆ ಮೊಳೆಗೆ ತೂಗುಹಾಕಿ ಬಾಗಿಲು ಹಾಕಿದಳು. ಗಾಡಿ ಶುರುಮಾಡಿ, ನಮ್ಮ ಪಕ್ಕ ಬಂದಾಗ ಕಿಟಕಿ ಇಳಿಸಿ, ಮುಂದಿನ ಊರಿನಲ್ಲಿ ಗೆಳತಿಯ ಕುದುರೆ ಸಿಗುತ್ತದಂತೆ ಅಂದಳು.

ನಾವು ಕುರ್ಚಿ ಮಡಚುವ ಹೊತ್ತಿಗೆ ಎರಡೂವರೆ ಆಗಿತ್ತು.