ಬಿಯರ್ ಆಗದವರಿಗೆ ಸೇಬಿನ ಸೈಡರ್: ನಾನು ಮಾಡುವ ಬಗೆ

ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನ್ ಆದ ಗ್ಲುಟೆನ್ ಆಗದವರು ಬಿಯರ್ ಬಿಟ್ಟು ಕೊಡಗಿನ ಮನೆ ವೈನ್ ಸುರಕ್ಷಿತ ಅಂದುಕೊಳ್ಳುತ್ತಾರೆ. ಆದರೆ ಹಣ್ಣು, ಸಕ್ಕರೆಯ ಜೊತೆ ಭರಣಿಗೆ ಒಂದು ಹಿಡಿ ಗೋಧಿ ಹಾಕುವ ರೂಢಿ ಹಲವರಲ್ಲಿದೆ. ಸೀಲಿಯಾಕ್ (ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಕಾಯಿಲೆ) ಇದ್ದವರು ಕೇಳಿಯೇ ಕುಡಿಯಬೇಕು. ಅಂಗಡಿಯ ಲಾಗರ್ ಬಿಯರ್‌ಗೆ ಅಕ್ಕಿ ಬೆರೆಸಿದ್ದರೂ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ಬಾರ್ಲಿಯದ್ದೇ. ಕಿಣ್ವ ಹಾಕಿ ಗ್ಲುಟೆನ್ ಇಳಿಸಿದ ಬಿಯರ್ ಕೂಡ ಬಾರ್ಲಿಯದ್ದೇ, ಸೀಲಿಯಾಕ್ ಇದ್ದವರಿಗೆ ನಾನು ಅದನ್ನು ಕೊಡುವುದಿಲ್ಲ. ಬಿಳಿ ಜೋಳದ ಬಿಯರ್ ಆಗುತ್ತದೆ, ಆದರೆ ಅದರ ಪಿಷ್ಟ ಬೇಯುವಷ್ಟು ಬಿಸಿಯಲ್ಲಿ ಮಾಲ್ಟಿನ ಕಿಣ್ವ ಸಾಯುತ್ತದೆ. ಗಂಜಿ ಬೇರೆ ಬೇಯಿಸಿ, 65 ಡಿಗ್ರಿಗೆ ಇಳಿಸಿ ಜೋಳದ್ದೇ ಮಾಲ್ಟ್ ಸೇರಿಸುವ ರಗಳೆ. ಸೇಬಿನ ರಸ ಹುದುಗಿಸಿ ಮಾಡುವ ಸೈಡರ್‌ಗೆ ಅದ್ಯಾವುದೂ ಬೇಡ.

ಆಗಸ್ಟ್ ನಂತರ ಮಡಿಕೇರಿ ಪೇಟೆಯಲ್ಲಿ ಹಿಮಾಚಲ, ಕಾಶ್ಮೀರದ ಸೇಬು ಧಾರಾಳ. ಮಿಕ್ಸಿಯಲ್ಲಿ ಅರೆದು ಬಟ್ಟೆಯಲ್ಲಿ ಹಿಂಡಿದರೆ 10 ಕಿಲೋಗೆ ಸುಮಾರು 5 ಲೀಟರ್ ರಸ. ಕುದಿಸಬೇಡಿ, ಹಣ್ಣಿನ ಅಂಟು ಪದಾರ್ಥವಾದ ಪೆಕ್ಟಿನ್ ಬಿಟ್ಟುಕೊಂಡು ಸೈಡರ್ ತಿಳಿಯಾಗುವುದೇ ಇಲ್ಲ. ಡಬ್ಬದ ಜ್ಯೂಸ್ ಆದರೆ ಲೇಬಲ್‌ನಲ್ಲಿ 202, 211 ಇರಬಾರದು; ಆ ಸಂರಕ್ಷಕಗಳಿದ್ದಲ್ಲಿ ಯೀಸ್ಟ್ ಏಳುವುದಿಲ್ಲ.

ತಾಜಾ ರಸಕ್ಕೆ ಲೀಟರಿಗೆ 0.1 ಗ್ರಾಂ ಕೆಎಂಎಸ್ (ಬೇಡದ ಸೂಕ್ಷ್ಮಜೀವಿಗಳನ್ನು ತಡೆಯುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಹಾಕಿ, ಬಟ್ಟೆ ಮುಚ್ಚಿ 24 ಗಂಟೆ ಬಿಡುತ್ತೇನೆ. ಚಮಚದ ಅಂದಾಜು ಇಲ್ಲಿ ನಡೆಯದು, ಸಣ್ಣ ತಕ್ಕಡಿ ಬೇಕು. ರಸದ ಸಾಂದ್ರತೆಯಿಂದ ಸಕ್ಕರೆ ಅಳೆಯುವ ಹೈಡ್ರೋಮೀಟರ್ 1.045ಕ್ಕಿಂತ ಕೆಳಗಿದ್ದರೆ ಲೀಟರಿಗೆ 13 ಗ್ರಾಂ ಸಕ್ಕರೆ 5 ಅಂಕ (ಉದಾಹರಣೆಗೆ 1.040ರಿಂದ 1.045ಕ್ಕೆ) ಏರಿಸುತ್ತದೆ. ನಮಗೆ ಸಿಗುವ ಸೇಬು ಬರೀ ಸಿಹಿ. ಹುಳಿಗೆ ಪ್ಯಾಶನ್ ಫ್ರೂಟ್ ರಸ, ಒಗರಿಗೆ ಒಂದು ಲೋಟ ಗಟ್ಟಿ ಟೀ ಡಿಕಾಕ್ಷನ್. ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಬೇಡ, ಬಣ್ಣವನ್ನೂ ವಾಸನೆಯನ್ನೂ ಅದೇ ನುಂಗಿಬಿಡುತ್ತದೆ.

24 ಗಂಟೆ ಕಳೆದ ಮೇಲೆ ವೈನ್ ಯೀಸ್ಟ್ ಹಾಕಿ, 5 ಗ್ರಾಂ ಪೊಟ್ಟಣ ಬೇಕಾದ್ದಕ್ಕಿಂತ ಹೆಚ್ಚೇ. ಹುದುಗಲು 18ರಿಂದ 20 ಡಿಗ್ರಿ ಸರಿ. ಮಡಿಕೇರಿಯ ಮಳೆ ಚಳಿಗೆ ಅಡುಗೆಮನೆಯ ಮೂಲೆ ಸಾಕು. ಪಾತ್ರೆಗೆ ಏರ್‌ಲಾಕ್ (ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಮುಚ್ಚಳ) ಹಾಕಿ, ನೊಣ ಹೊಕ್ಕರೆ ವಿನೆಗರ್ ಆದಂತೆ. ಕೊಳೆತ ಮೊಟ್ಟೆ ವಾಸನೆ ಬಂದರೆ ಹೆಚ್ಚಾಗಿ ಯೀಸ್ಟಿಗೆ ಸಾರಜನಕ ಸಾಲದೆ. ಶುರುವಿನ ದಿನಗಳಲ್ಲೇ ಆಹಾರ ದರ್ಜೆಯ ಡಿಎಪಿ (ಸಾರಜನಕ ಕೊಡುವ ಡೈಅಮೋನಿಯಂ ಫಾಸ್ಫೇಟ್) ಲೀಟರಿಗೆ 0.5 ಗ್ರಾಂ. ಗೊಬ್ಬರದ ಚೀಲದ್ದಲ್ಲ!

ಎರಡು ಮೂರು ವಾರದಲ್ಲಿ ಹೈಡ್ರೋಮೀಟರಿನ ಅಂಕ 1.000ರ ಆಸುಪಾಸು ಬಂದು, ಮೂರು ದಿನ ಕದಲದೆ ನಿಂತ ಮೇಲೆಯೇ ಬಾಟಲಿ. ಶೇಕಡಾ 6ರ ಆಸುಪಾಸು ಮದ್ಯಾಂಶ ಇರುತ್ತದೆ. ಗುಳ್ಳೆಗೆ ಲೀಟರಿಗೆ 6 ಗ್ರಾಂ ಸಕ್ಕರೆ ಸೇರಿಸಿ ಸೋಡಾದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ. ತೆಳು ಗಾಜು ಒಡೆದೀತು. ಪ್ಲಾಸ್ಟಿಕ್ಕಾದರೆ ಒತ್ತಿ ನೋಡಬಹುದು, ಕಲ್ಲಿನಂತೆ ಗಟ್ಟಿಯಾದ ದಿನವೇ ಫ್ರಿಜ್ಜಿಗೆ.