ಸ್ವಿಚ್ ಲಾಗಿನ್‌ಗೆ ಎರಡನೇ ಬೀಗ: ಮಳೆಗಾಲದಲ್ಲೂ ಕೈಕೊಡದ ಹಾಗೆ

ಶಿವಮೊಗ್ಗದಲ್ಲಿ ಮುಖ್ಯ ಕಚೇರಿ. ಸಾಗರ, ತೀರ್ಥಹಳ್ಳಿ, ಹೊಸನಗರದಲ್ಲಿ ಶಾಖೆಗಳು. ಕಂಪ್ಯೂಟರ್‌ಗಳನ್ನು ನೆಟ್‌ವರ್ಕಿಗೆ ಜೋಡಿಸುವ ಸ್ವಿಚ್ ಎಂಬ ಪೆಟ್ಟಿಗೆಗಳಿಗೆಲ್ಲ ಒಂದೇ ಅಡ್ಮಿನ್ ಪಾಸ್‌ವರ್ಡ್. ಅದು ಒಬ್ಬರಿಂದ ಸೋರಿದರೆ ಇಡೀ ನೆಟ್‌ವರ್ಕ್ ಸೋರಿದ ಹಾಗೆ. ಪಾಸ್‌ವರ್ಡ್ ಜೊತೆ ಫೋನಿನ ಆರಂಕಿ ಕೋಡ್ ಕೂಡ ಕೇಳುವಂತೆ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಜುಲೈನಲ್ಲಿ ಕರೆಂಟೂ ಲಿಂಕೂ ಒಟ್ಟಿಗೆ ಹೋದಾಗ ನಾವೇ ಹೊರಗೆ ಉಳಿಯದಂತೆ ನೋಡಿಕೊಳ್ಳುವುದೇ ಕಷ್ಟದ ಭಾಗ.

ಎಸ್‌ಎಂಎಸ್ ಒಟಿಪಿ ಬೇಡವೇ ಬೇಡ. ಟವರ್ ಕೈಕೊಟ್ಟರೆ ಮೆಸೇಜ್ ಬರುವುದಿಲ್ಲ. ಆಥೆಂಟಿಕೇಟರ್ ಆ್ಯಪ್ ಮಾತ್ರ ತನ್ನಲ್ಲಿರುವ ಗುಟ್ಟಿನ ಕೀ ಮತ್ತು ಆ ಹೊತ್ತಿನ ಸಮಯ ಸೇರಿಸಿ 30 ಸೆಕೆಂಡಿಗೊಂದು ಕೋಡ್ ಕೊಡುತ್ತದೆ. ಸಿಗ್ನಲ್ ಇಲ್ಲದ ಹಳ್ಳಿಯಲ್ಲೂ ನಡೆಯುತ್ತದೆ.

ಕೋಡ್ ಸರಿಯೇ ಎಂದು ನೋಡುವ ಸರ್ವರ್ ಕೂಡ ಇದೇ ಲೆಕ್ಕ ಹಾಕುತ್ತದೆ, ಹಾಗಾಗಿ ಮೊದಲ ಕೆಲಸ ಅದರ ಗಡಿಯಾರದ್ದು. ಸರ್ವರ್ ಹಳೆಯದಾದರೆ ಮದರ್‌ಬೋರ್ಡಿನ ಸಿಆರ್ 2032 ಸೆಲ್ ಬದಲಾಯಿಸಿ. ಅದು ಸತ್ತಿದ್ದರೆ ಪ್ರತಿ ಪವರ್‌ಕಟ್ ಆದ ಮೇಲೆ ಮಷೀನ್ ಹಳೇ ತಾರೀಖಿನಲ್ಲಿ ಏಳುತ್ತದೆ. ಗಡಿಯಾರ ಸರಿಯಿಡುವ ಕ್ರೋನಿ ತಂತ್ರಾಂಶ ಹಾಕಿ, ಅದು ಸಮಯ ಕೇಳಲು ಎನ್‌ಟಿಪಿ ಸರ್ವರ್ ಕೊಡಿ. ಟೈಮ್‌ಝೋನ್ ಯುಟಿಸಿಯಲ್ಲೇ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಬಿಟ್ಟು, ಸಮಯ ಮಾತ್ರ ಕೈಯಾರೆ ತಿದ್ದುವುದು ಇಲ್ಲಿನ ದೊಡ್ಡ ತಪ್ಪು. ಪರದೆಯ ಮೇಲೆ ಗಡಿಯಾರ ಸರಿಯಾಗಿಯೇ ಕಾಣುತ್ತದೆ, ಆದರೆ ಲೆಕ್ಕ ಐದೂವರೆ ಗಂಟೆ ತಪ್ಪಿರುತ್ತದೆ. ಒಂದು ಕೋಡೂ ಹೊಂದುವುದಿಲ್ಲ.

ಆ ಸರ್ವರಿನ ಉಬುಂಟು ಲಿನಕ್ಸ್ ಮೇಲೆ ಫ್ರೀರೇಡಿಯಸ್ (ಸ್ವಿಚ್‌ಗಳ ಪರವಾಗಿ ಲಾಗಿನ್ ಪರೀಕ್ಷಿಸುವ ರೇಡಿಯಸ್ ಸೇವೆ) ಮತ್ತು ಗೂಗಲ್ ಆಥೆಂಟಿಕೇಟರಿನ ಪ್ಯಾಮ್ (ಲಿನಕ್ಸಿನ ಲಾಗಿನ್ ತಪಾಸಣೆ) ಮಾಡ್ಯೂಲ್ ಹಾಕಿ, ರೇಡಿಯಸ್‌ನಲ್ಲಿ ಪ್ಯಾಮ್ ಚಾಲೂ ಮಾಡಿ. ಪ್ಯಾಮ್ ಫೈಲಿನಲ್ಲಿ 'ಫಾರ್ವರ್ಡ್_ಪಾಸ್' ಆಯ್ಕೆ ಕೊಟ್ಟರೆ ಪಾಸ್‌ವರ್ಡ್ ಮುಗಿದ ಕೂಡಲೇ, ಜಾಗ ಬಿಡದೆ, ಕೋಡ್ ಒತ್ತಬಹುದು. ಬೇರೆ ಪ್ರಶ್ನೆ ಕೇಳಲು ಬಾರದ ಹಳೇ ಸ್ವಿಚ್‌ಗಳಿಗೂ ಇದು ಒಗ್ಗುತ್ತದೆ. ಪ್ರತಿ ಅಡ್ಮಿನ್‌ಗೂ ಬೇರೆ ಕೀ. ಕೀ ಮಾಡುವಾಗ ಆ್ಯಪ್‌ಗೆ ತೋರಿಸುವ ಕ್ಯೂಆರ್ ಜೊತೆ ಸಿಗುವ ಐದು ತುರ್ತು ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಿ. ಕೀ ಫೈಲ್‌ಗಳು ಆಯಾ ಬಳಕೆದಾರರ ಹೋಮ್ ಫೋಲ್ಡರಿನಲ್ಲಿ ಕೂರುತ್ತವೆ. ಫ್ರೀರೇಡಿಯಸ್ ತನ್ನದೇ ಸಣ್ಣ ಬಳಕೆದಾರನಾಗಿ ಓಡುವುದರಿಂದ ಅವನ್ನು ಓದಲಾರದೆ ಎಲ್ಲರನ್ನೂ ತಿರಸ್ಕರಿಸುತ್ತದೆ. ಕೀಗಳನ್ನು ಫ್ರೀರೇಡಿಯಸ್‌ನ ಆ ಬಳಕೆದಾರನಿಗೆ ಮಾತ್ರ ತೆರೆಯುವ ಫೋಲ್ಡರಿಗೆ ಸರಿಸಿ, ಪ್ಯಾಮ್ ಸಾಲಿನಲ್ಲಿ ಆ ದಾರಿ ಬರೆಯಿರಿ. ಎಲ್ಲಿ ಎಡವುತ್ತಿದೆ ಎಂದು ನೋಡಲು ಸೇವೆ ನಿಲ್ಲಿಸಿ 'ಫ್ರೀರೇಡಿಯಸ್ -ಎಕ್ಸ್' ಓಡಿಸಿ.

ಈಗ ಸ್ವಿಚ್. ಸಿಸ್ಕೊ ಐಒಎಸ್ (ಸಿಸ್ಕೊ ಸ್ವಿಚ್‌ಗಳ ತಂತ್ರಾಂಶ) ಲೆಕ್ಕದಲ್ಲಿ ಹೇಳುವುದಾದರೆ, ಏನನ್ನೂ ಮುಟ್ಟುವ ಮೊದಲು ಇದ್ದ ಸೆಟ್ಟಿಂಗ್ ಸೇವ್ ಮಾಡಿ 'ರೀಲೋಡ್ ಇನ್ 10' ಕೊಡಿ. ಕೆಲಸ ಮುಗಿಯುವವರೆಗೆ ಮತ್ತೆ ಸೇವ್ ಮಾಡಬೇಡಿ. ಸಿಕ್ಕಿಕೊಂಡರೆ ಹತ್ತು ನಿಮಿಷಕ್ಕೆ ಸ್ವಿಚ್ ತಾನೇ ರೀಬೂಟ್ ಆಗಿ ಹಳೇ ಸ್ಥಿತಿಗೆ ಬರುತ್ತದೆ. ಸಾಗರದ ಬಸ್ ಹಿಡಿಯಬೇಕಿಲ್ಲ. ಎಲ್ಲ ಸರಿಯಾದರೆ 'ರೀಲೋಡ್ ಕ್ಯಾನ್ಸಲ್'.

20 ಅಕ್ಷರಕ್ಕೂ ಉದ್ದದ ಪಾಸ್‌ವರ್ಡಿನ ಒಂದು ಲೋಕಲ್ ಖಾತೆ, ಅಂದರೆ ಸ್ವಿಚ್ಚಿನೊಳಗೇ ಇರುವ ಖಾತೆ, ಮಾಡಿ. ಪಾಸ್‌ವರ್ಡ್ ಬರೆದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿ ತಿಜೋರಿಗೆ ಹಾಕಿ. ಮಲೆನಾಡಿನ ತೇವಕ್ಕೆ ಬರೀ ಕಾಗದ ಬೂಸ್ಟು ಹಿಡಿಯುತ್ತದೆ. ಆಮೇಲೆ 'ಎಎಎ ನ್ಯೂ-ಮಾಡೆಲ್' (ಲಾಗಿನ್ ಪಟ್ಟಿಗಳನ್ನು ಚಾಲೂ ಮಾಡುವ ಆದೇಶ), ರೇಡಿಯಸ್ ಸರ್ವರ್ ವಿಳಾಸ, ಪೋರ್ಟ್ 1812 ಮತ್ತು 1813. ಹಳೇ ಐಒಎಸ್ ತಾನಾಗಿ 1645, 1646 ಹಿಡಿಯುತ್ತದೆ, ಆದ್ದರಿಂದ ಪೋರ್ಟ್ ಬರೆದೇ ಹೇಳಿ. ಸ್ವಿಚ್ ಯಾವ ವಿಳಾಸದಿಂದ ಕೇಳಬೇಕು ಎಂಬುದನ್ನೂ ಗೊತ್ತುಮಾಡಿ. ಬೇರೆ ವಿಳಾಸದಿಂದ ಹೋದರೆ ಫ್ರೀರೇಡಿಯಸ್ ಉತ್ತರವನ್ನೇ ಕೊಡುವುದಿಲ್ಲ. ಲಾಗಿನ್ ಪಟ್ಟಿಯಲ್ಲಿ ರೇಡಿಯಸ್ ಮೊದಲು, ಲೋಕಲ್ ನಂತರ.

ಈ ಸಾಲನ್ನು ಹಲವರು ತಪ್ಪಾಗಿ ತಿಳಿಯುತ್ತಾರೆ. ಸರ್ವರ್ ಉತ್ತರ ಕೊಡದಿದ್ದಾಗ ಮಾತ್ರ ಲೋಕಲ್ ಖಾತೆ ನಡೆಯುತ್ತದೆ. ಸರ್ವರ್ 'ಇಲ್ಲ' ಎಂದರೆ ಅಲ್ಲಿಗೇ ಮುಗಿಯಿತು. ಅಂದರೆ ಸತ್ತ ಸರ್ವರಿಗಿಂತ ಗಡಿಯಾರ ತಪ್ಪಿದ ಸರ್ವರ್ ಅಪಾಯ: ಜೀವಂತವಿದ್ದು ಎಲ್ಲರನ್ನೂ ಹೊರಗಿಡುತ್ತದೆ. ಆಗ ಸರ್ವರಿನ ಮುಂದೆ ಕೂತು ಫ್ರೀರೇಡಿಯಸ್ ಸೇವೆ ನಿಲ್ಲಿಸಿದರೆ ಲೋಕಲ್ ದಾರಿ ತೆರೆದುಕೊಳ್ಳುತ್ತದೆ. ಕನ್ಸೋಲ್ ಪೋರ್ಟಿಗೆ (ಸ್ವಿಚ್ಚಿಗೆ ನೇರ ಕೇಬಲ್ ಹಾಕುವ ಕಿಂಡಿ) ಬರೀ ಲೋಕಲ್ ಇರುವ ಬೇರೆ ಪಟ್ಟಿ ಕಟ್ಟಿ, ರ‍್ಯಾಕಿಗೆ ಬೀಗ ಹಾಕಿ.

ಲಿಂಕ್ ಬಿದ್ದಾಗ ಲೋಕಲ್ ತೆರೆಯುವುದರಿಂದ ಎಸ್‌ಎಸ್‌ಎಚ್ ಅನ್ನು (ದೂರದಿಂದ ಗೂಢಲಿಪಿಯಲ್ಲಿ ಲಾಗಿನ್ ಆಗುವ ದಾರಿ) ಅಡ್ಮಿನ್ ವಿಎಲ್ಯಾನಿಗೆ (ಅಡ್ಮಿನ್‌ಗಳಿಗೆಂದೇ ಬೇರ್ಪಡಿಸಿದ ನೆಟ್‌ವರ್ಕ್) ಮಾತ್ರ ಬಿಡಿ. ಗೂಢಲಿಪಿ ಇಲ್ಲದ ಟೆಲ್ನೆಟ್ ಮತ್ತು ಸ್ವಿಚ್ಚಿನ ವೆಬ್ ಪುಟ ಎರಡನ್ನೂ ಮುಚ್ಚಿ. ರೇಡಿಯಸ್ ಪಾಸ್‌ವರ್ಡನ್ನು ಮಾತ್ರ ಮರೆಮಾಡುತ್ತದೆ, ಬಳಕೆದಾರರ ಹೆಸರು ಬಯಲಲ್ಲೇ ಹೋಗುತ್ತದೆ. ಹಾಗಾಗಿ ಶಾಖೆಯಿಂದ ಬರುವ ರೇಡಿಯಸ್ ಕೋರಿಕೆ ವಿಪಿಎನ್ ಒಳಗೇ ಬರಲಿ.

ಒಂದು ಸ್ವಿಚ್ಚಿಗೆ ಹೊಕ್ಕ ಕೋಡನ್ನೇ ಕೂಡಲೇ ಎರಡನೆಯದಕ್ಕೂ ಒತ್ತಿದರೆ ತಿರಸ್ಕಾರ ಬರುತ್ತದೆ, ಏಕೆಂದರೆ ಒಂದು ಕೋಡ್ ಒಂದೇ ಸಲ. ಹೊಸ ಕೋಡ್ ಬರುವವರೆಗೆ ಕಾಯಿರಿ. ಇದು ಗೊತ್ತಿಲ್ಲದವರು ಪಾಸ್‌ವರ್ಡ್ ತಪ್ಪೆಂದು ಮತ್ತೆ ಮತ್ತೆ ಒತ್ತಿ, 30 ಸೆಕೆಂಡಿಗೆ ಮೂರೇ ಪ್ರಯತ್ನ ಎಂಬ ಮಿತಿಗೂ ಸಿಕ್ಕಿಬೀಳುತ್ತಾರೆ.

ಸೇವ್ ಮಾಡುವ ಮೊದಲು ಹಳೇ ಸೆಷನ್ ತೆರೆದಿಟ್ಟು ಹೊಸ ವಿಂಡೋದಲ್ಲಿ ಕೋಡಿನೊಂದಿಗೆ ಹೋಗಿ ನೋಡಿ. ಆಮೇಲೆ ಸರ್ವರಿನ ಕೇಬಲ್ ಕಿತ್ತು, ಚೀಟಿಯ ಪಾಸ್‌ವರ್ಡಿನಿಂದ ಹೋಗಿ. ಟೈಮ್‌ಔಟ್ 5 ಸೆಕೆಂಡ್, ಮರುಯತ್ನ 2 ಇಟ್ಟಿದ್ದರೆ ಸ್ವಿಚ್ ಒಟ್ಟು ಮೂರು ಸಲ ಕೇಳಿ, 15 ಸೆಕೆಂಡ್ ಸುಮ್ಮನಿದ್ದು ಆಮೇಲೆ ಒಳಗೆ ಬಿಡುತ್ತದೆ.