ಬಿಸಿಲಿನ ಊರಲ್ಲಿ ನಾಯಿ ತರಬೇತಿ ಕೋರ್ಸಿನ ಜಾಹೀರಾತು: ನನ್ನ ಅನುಭವ

ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಬೆಳಿಗ್ಗೆ ಎಂಟರ ಮೇಲೆ ನಾಯಿಯನ್ನು ಹೊರಗೆ ಕರೆದೊಯ್ಯುವ ಹಾಗಿಲ್ಲ. ಬಿಸಿಲು 42 ಡಿಗ್ರಿ ದಾಟುವ ಊರು ಇದು. ಕೈಯ ಹಿಂಬದಿಯನ್ನು ಡಾಂಬರಿನ ಮೇಲೆ ಐದು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದವೂ ಸುಡುತ್ತದೆ. ವಾಕಿಂಗ್ ತಪ್ಪಿದ ನಾಯಿ ಮನೆಯೊಳಗೆ ಸುಮ್ಮನಿರುತ್ತದೆಯೇ? ಚಪ್ಪಲಿ, ಸೋಫಾದ ಅಂಚು, ಮಕ್ಕಳ ಪಟ್ಟಿ ಪುಸ್ತಕ ಎಲ್ಲವನ್ನೂ ಹರಿದು ಹಾಕುತ್ತದೆ. ನಾನು ಮಾಡಿದ ಕನ್ನಡ ವಿಡಿಯೊ ಕೋರ್ಸಿಗೆ ಅತಿ ಹೆಚ್ಚು ಜನ ಬಂದದ್ದು ಈ ಬ್ಯಾಸಗಿ ತೊಂದರೆಯ ಮೇಲೆ ಮಾಡಿದ ಜಾಹೀರಾತಿನಿಂದ.

ಆ ಜಾಹೀರಾತಿನ ವಿಡಿಯೊದಲ್ಲಿ ಕೋರ್ಸಿನ ಮಾತು ಬರುವುದು ಕಟ್ಟಕಡೆಗೆ, ಒಂದೇ ಸಾಲಿನಲ್ಲಿ. ಉಳಿದದ್ದೆಲ್ಲ ಪಾಠ. ಹಳೆಯ ಟವೆಲ್ಲೊಂದನ್ನು ನೆಲಕ್ಕೆ ಹಾಸಿ, ಜೋಳದ ರೊಟ್ಟಿಯ ಚೂರುಗಳನ್ನು ಅಲ್ಲಲ್ಲಿ ಇಟ್ಟು, ಸುರುಳಿ ಸುತ್ತಿ ನಾಯಿಯ ಮುಂದೆ ಇಡುತ್ತೇನೆ. ಅದು ಮೂಗು ತೂರಿಸುತ್ತದೆ, ಮುಂಗಾಲಿನಿಂದ ಒಂದು ಸುತ್ತು ಬಿಡಿಸುತ್ತದೆ, ಸಿಕ್ಕ ಚೂರು ತಿಂದು ಮತ್ತೆ ಮೂಸುತ್ತದೆ. ಹೀಗೆ ಮೂಸಿ ಹುಡುಕುವ ಕೆಲಸ ನಾಯಿಯ ತಲೆಯನ್ನು ದಣಿಸುತ್ತದೆ. ಟವೆಲ್ ಪೂರ್ತಿ ಬಿಚ್ಚಿಕೊಂಡಾಗ ಅದು ಹೋಗಿ ಫ್ಯಾನಿನ ಕೆಳಗೆ ಅಡ್ಡಾಗುತ್ತದೆ. ರೊಟ್ಟಿಗೆ ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ) ಹತ್ತಿರಬಾರದು ಎಂಬುದನ್ನೂ ವಿಡಿಯೊದಲ್ಲೇ ಹೇಳಿದ್ದೇನೆ. ಹಿಂಡಿಯಲ್ಲಿ ಬೆಳ್ಳುಳ್ಳಿ ಇರುತ್ತದೆ. ಬೆಳ್ಳುಳ್ಳಿ, ಉಳ್ಳಾಗಡ್ಡಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ.

ಇಡೀ ಪಾಠವನ್ನು ಪುಕ್ಕಟೆ ಕೊಟ್ಟರೆ ಕೋರ್ಸ್ ಯಾರು ತಗೋತಾರೆ ಎಂದು ಕೇಳಿದವರಿದ್ದಾರೆ. ಅರ್ಧ ತೋರಿಸಿ ‘ಉಳಿದದ್ದು ಕೋರ್ಸಿನಲ್ಲಿ’ ಎನ್ನುವ ಜಾಹೀರಾತು ನನಗೆ ಒಗ್ಗುವುದಿಲ್ಲ. ನೋಡಿದವರು ಆ ಮಧ್ಯಾಹ್ನವೇ ಟವೆಲ್ ಸುತ್ತಿ ನೋಡುತ್ತಾರೆ, ಅವರ ನಾಯಿ ಒಂದು ತಾಸು ನೆಮ್ಮದಿಯಿಂದ ಮಲಗುತ್ತದೆ. ಅದಕ್ಕಿಂತ ದೊಡ್ಡ ಶಿಫಾರಸು ನಾನು ಬರೆಯಲಾರೆ.

ವಿಡಿಯೊದಲ್ಲಿ ಇರುವುದು ನಮ್ಮ ಓಣಿಯಿಂದ ಬಂದು ಮನೆ ಸೇರಿದ ಕಂದು ನಾಯಿ. ಲ್ಯಾಬ್ರಡಾರ್ ಇಟ್ಟರೆ ‘ಇದು ದೊಡ್ಡ ತಳಿಯವರಿಗೆ’ ಎಂದು ಜನ ಮುಂದಕ್ಕೆ ಸರಿಸಿಬಿಡುತ್ತಾರೆ. ಸಿನಿಮಾ ಹಾಡು ಹಾಕಲಿಲ್ಲ. ಜಾಹೀರಾತಿಗೆ ಹಕ್ಕಿಲ್ಲದ ಹಾಡು ಬಳಸುವಂತಿಲ್ಲ, ಮೇಲಾಗಿ ಟೈಲ್ಸ್ ಮೇಲೆ ಉಗುರು ತಾಕುವ ಸದ್ದು ಕೇಳಿದರೆ ನಾಯಿ ಸಾಕಿದವರ ಕಿವಿ ನೆಟ್ಟಗಾಗುತ್ತದೆ. ಬಹಳ ಜನ ಸದ್ದು ಆರಿಸಿಯೇ ನೋಡುವುದರಿಂದ ದಪ್ಪ ಕನ್ನಡ ಅಕ್ಷರಗಳನ್ನೂ ಮೇಲೆ ಹಾಕಿದೆ.

ಇನ್ನು ಯಾರಿಗೆ ತೋರಿಸಬೇಕು ಎಂಬುದು. ಇನ್‌ಸ್ಟಾಗ್ರಾಮಿನ ಬೂಸ್ಟ್ ಬಟನ್ (ದುಡ್ಡು ಕೊಟ್ಟು ಪೋಸ್ಟನ್ನು ಹೆಚ್ಚು ಜನಕ್ಕೆ ತೋರಿಸುವುದು) ಬಿಟ್ಟು, ಅದರ ಒಡೆಯ ಕಂಪನಿ ಮೆಟಾದ ಜಾಹೀರಾತು ಸಾಧನ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ಮಾಡಿದೆ, ಆಯ್ಕೆಗಳು ಅಲ್ಲಿ ಹೆಚ್ಚು. ನಕ್ಷೆಯ ಮೇಲೆ ಕಲಬುರಗಿಗೆ ಪಿನ್ ಚುಚ್ಚಿ 80 ಕಿಲೋಮೀಟರ್ ವೃತ್ತ ಎಳೆದರೆ ಗಡಿಯಾಚೆಯ ಮಹಾರಾಷ್ಟ್ರ, ತೆಲಂಗಾಣದ ಊರುಗಳೂ ಒಳಗೆ ಬೀಳುತ್ತವೆ. ಕನ್ನಡ ಪಾಠಕ್ಕೆ ಅಲ್ಲಿ ದುಡ್ಡು ಸುರಿದು ಫಲವಿಲ್ಲ. ಅದಕ್ಕೆ ಕಲಬುರಗಿ, ಬೀದರ್, ಯಾದಗಿರಿ ಊರುಗಳಿಗೆ ಬೇರೆಬೇರೆ ಸಣ್ಣ ವೃತ್ತ ಹಾಕಿದೆ. ಭಾಷೆಯ ಜಾಗದಲ್ಲಿ ಕನ್ನಡ ಎಂದು ಆರಿಸಲಿಲ್ಲ. ಆ ಆಯ್ಕೆ ಮುಖ್ಯವಾಗಿ ನೋಡುವುದು ಆಪ್ ಯಾವ ಭಾಷೆಯಲ್ಲಿದೆ ಎಂದು. ನಮ್ಮ ಕಡೆ ಮನೆಯಲ್ಲಿ ಕನ್ನಡವನ್ನೇ ಮಾತಾಡುವವರೂ ಫೋನನ್ನು ಇಂಗ್ಲಿಷಿನಲ್ಲೇ ಇಟ್ಟಿರುತ್ತಾರೆ, ಅವರೆಲ್ಲ ತಪ್ಪಿಹೋಗುತ್ತಾರೆ. ಜಾಹೀರಾತಿನ ಮೊದಲ ಸಾಲು ‘ಬಿಸಲಿಗೆ ನಿಮ್ಮ ನಾಯಿ ಮನ್ಯಾಗೇ ಕುಂತದಾ?’ ಎಂದಿದ್ದರೆ ಸಾಕು, ಬೇಕಾದವರು ನಿಲ್ಲುತ್ತಾರೆ.

ದಿನಕ್ಕೆ 200 ರೂಪಾಯಿ ಇಟ್ಟೆ, ಅದರ ಮೇಲೆ 18% ಜಿಎಸ್‌ಟಿ. ಶುರುವಾದ ಮೇಲೆ ದಿನಾ ಕೈ ಹಾಕಲಿಲ್ಲ. ದೊಡ್ಡ ಬದಲಾವಣೆ ಮಾಡಿದರೆ ಯಾರಿಗೆ ತೋರಿಸಬೇಕೆಂಬ ಮೆಟಾದ ಕಲಿಕೆ ಮೊದಲಿನಿಂದ ಆರಂಭವಾಗುತ್ತದೆ. ಲೈಕ್ ಎಷ್ಟು ಬಂತು ಎಂಬುದನ್ನು ನಾನು ನೋಡುವುದೇ ಇಲ್ಲ. ನಾಯಿ ವಿಡಿಯೊಗೆ ನಾಯಿ ಇಲ್ಲದವರೂ ಲೈಕ್ ಒತ್ತುತ್ತಾರೆ. ಸೇವ್ ಮಾಡಿದವರು, ವಾಟ್ಸ್ಆ್ಯಪಿಗೆ ಬಂದು ಮಾತಾಡಿದವರು, ಇವೆರಡೇ ನನ್ನ ಲೆಕ್ಕ.

ಬೆಲೆ 799 ರೂಪಾಯಿ ಎಂದು ಜಾಹೀರಾತಿನಲ್ಲೇ ಬರೆದೆ. ‘ಒಂದು ವಾರದಲ್ಲಿ ನಾಯಿ ಸಂಪೂರ್ಣ ಬದಲು, ಗ್ಯಾರಂಟಿ’ ಎಂಬಂಥದ್ದನ್ನು ಬರೆಯಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಕಾಯ್ದೆ ಇಲ್ಲದಿದ್ದರೂ ಅಂಥ ಮಾತಿಗೆ ನಾನು ಒಪ್ಪುವುದಿಲ್ಲ, ಯಾಕೆಂದರೆ ವಾರ ಕಳೆದೂ ನಾಯಿ ಬದಲಾಗದಿದ್ದರೆ ಹೊಡೆತ ಬೀಳುವುದು ನಾಯಿಗೆ. ‘ಕಚ್ಚುವ ನಾಯಿಗೆ ಈ ಕೋರ್ಸ್ ಅಲ್ಲ’ ಎಂದೂ ಬರೆದೆ. ಇದ್ದಕ್ಕಿದ್ದಂತೆ ಕಚ್ಚತೊಡಗಿದ ನಾಯಿಗೆ ಎಷ್ಟೋ ಸಲ ಕಿವಿಯಲ್ಲೋ ಕೀಲಿನಲ್ಲೋ ನೋವಿರುತ್ತದೆ, ಅದನ್ನು ಮೊದಲು ಪಶುವೈದ್ಯರು ನೋಡಬೇಕು.

ನಿಜವಾದ ಕೆಲಸ ವಾಟ್ಸ್ಆ್ಯಪ್‌ನಲ್ಲಿ. ನಮ್ಮ ಜನ ಟೈಪ್ ಮಾಡುವುದಿಲ್ಲ, ವಾಯ್ಸ್ ಕಳಿಸುತ್ತಾರೆ. ಬ್ರಹ್ಮಪುರದ ಕಡೆಯ ಹೆಣ್ಣುಮಗಳೊಬ್ಬರದು ಹೀಗಿತ್ತು: “ಅಕ್ಕಾ, ಮಂದಿ ಬಂದ್ರ ಸಾಕು, ಮೈಮ್ಯಾಲೇ ಹಾರ್ತದ್ರಿ. ಬಡದ್ರೂ ಕೇಳವಲ್ದು.” ನಾನೂ ವಾಯ್ಸ್‌ನಲ್ಲೇ ಹೇಳಿದೆ: “ಬಡೀಬ್ಯಾಡ್ರಿ ಅಕ್ಕಾ. ಹಾರಿದಾಗ ಎಲ್ಲಾರೂ ಬೆನ್ನ ತಿರುಗಸ್ರಿ, ಒಂದು ಮಾತೂ ಆಡಬ್ಯಾಡ್ರಿ. ನಾಕೂ ಕಾಲು ನೆಲಕ್ಕ ಇಟ್ಟಾಗ ಅಷ್ಟ ಮಾತಾಡಸ್ರಿ, ತಿನ್ನಾಕ ಕೊಡ್ರಿ.” ಕೋರ್ಸಿನ ಲಿಂಕ್ ಆಗ ಕಳಿಸಲಿಲ್ಲ. ಕೆಲವು ದಿನದ ಮೇಲೆ ಅವರೇ ಕೇಳಿ ತಗೊಂಡರು, ತಮ್ಮ ಅಕ್ಕನಿಗೂ ಕೊಡಿಸಿದರು. ಇಂಥ ಉತ್ತರಗಳಿಗೆ ಹೊತ್ತು ಹಿಡಿಯುತ್ತದೆ. ಅದಕ್ಕೇ ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ‘ಮರಿ’, ‘ದೊಡ್ಡ ನಾಯಿ’, ‘ಡಾಕ್ಟರ್ ಕಡೆ’ ಎಂದು ಲೇಬಲ್ ಇಟ್ಟುಕೊಂಡಿದ್ದೇನೆ. ‘ಡಾಕ್ಟರ್ ಕಡೆ’ ಲೇಬಲ್ಲಿನವರಿಗೆ ಏನನ್ನೂ ಮಾರುವುದಿಲ್ಲ.

ಈಗ ತಯಾರಾಗುತ್ತಿರುವುದು ಪಟಾಕಿ ಭಯದ ಪಾಠದ ಜಾಹೀರಾತು. ಪಟಾಕಿ ಸದ್ದನ್ನು ಮೊಬೈಲಿನಲ್ಲಿ ತೀರ ಸಣ್ಣಗೆ ಹಚ್ಚಿ, ತಿನ್ನಲು ಕೊಡುತ್ತಾ, ದಿನದಿಂದ ದಿನಕ್ಕೆ ಸ್ವಲ್ಪಸ್ವಲ್ಪವೇ ಏರಿಸಬೇಕು. ಇದಕ್ಕೆ ವಾರಗಟ್ಟಲೆ ಬೇಕು. ಆದ್ದರಿಂದ ಆ ಜಾಹೀರಾತನ್ನು ಶ್ರಾವಣದಲ್ಲೇ ಬಿಟ್ಟು, ದೀಪಾವಳಿಗೆ ಎರಡು ವಾರ ಇರುವಾಗ ನಿಲ್ಲಿಸುತ್ತೇನೆ. ಹಬ್ಬದ ವಾರದಲ್ಲಿ ಕೇಳುವವರಿಗೆ ಕಿಟಕಿ ಮುಚ್ಚಿ, ಒಳಕೋಣೆಯಲ್ಲಿ ಜೊತೆಗೆ ಕೂಡ್ರಿ, ತೀರ ನಡುಗಿದರೆ ಡಾಕ್ಟರಿಗೆ ಫೋನ್ ಹಚ್ರಿ ಎಂದಷ್ಟೇ ಹೇಳುವುದು.